ರಸ್ತೆಯೇ ಬೇಡವೋ, ಇಲ್ಲಿ ಬೇಡವೋ, ಈ ದರಕ್ಕೆ ಬೇಡವೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ರಸ್ತೆಯದ್ದೇ. ಹೊಸ ಹೆದ್ದಾರಿ, ಬೈಪಾಸ್, ವರ್ತುಲ ರಸ್ತೆ, ಯಾವುದೋ ಒಂದು ಗೆರೆ ಯಾರದೋ ತೋಟದ ಮೇಲೆ ಹಾದುಹೋಗಿದೆ. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿಕೊಂಡಿದ್ದಾರೆ. ಹಾಗಾಗಿ ಬರೆದವರ ಹೆಸರು, ಅವರ ಊರಿನ ಹೆಸರು ಎರಡನ್ನೂ ಬಿಟ್ಟಿದ್ದೇವೆ. ನಾನು ಭೂಮಾಪನದ ಕೆಲಸದಲ್ಲಿ ವಯಸ್ಸು ಕಳೆದವನು. ಉತ್ತರದಲ್ಲಿ ಭಾವನೆಗಿಂತ ಸರ್ವೆ ನಂಬರ್ ಜಾಸ್ತಿ ಕಂಡರೆ ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮೂರ ಪಕ್ಕ ಹೊಸ ಹೆದ್ದಾರಿ ಬರುತ್ತದಂತೆ. "ರಸ್ತೆ ಬೇಡ" ಅಂತ ಬ್ಯಾನರ್ ಕಟ್ಟಿ ತಾಲ್ಲೂಕು ಕಚೇರಿ ಮುಂದೆ ಕೂತೆವು. ವಾರದೊಳಗೆ ನಮ್ಮಲ್ಲೇ ಜಗಳ ಶುರುವಾಯಿತು. ಜಾಸ್ತಿ ಜಮೀನು ಇರುವವರು ಒಳ್ಳೆ ಪರಿಹಾರ ಸಿಕ್ಕರೆ ಬಿಟ್ಟುಕೊಡೋಣ ಅನ್ನುತ್ತಾರೆ. ಒಂದು ಎಕರೆ, ಒಂದೂವರೆ ಎಕರೆ ಇರುವ ನಮಗೆ ಜಮೀನೇ ಬೇಕು. ಅವರು ನಮಗೆ ದ್ರೋಹ ಮಾಡಿದ ಹಾಗಲ್ಲವಾ?
— ದಾವಣಗೆರೆ ಜಿಲ್ಲೆಯ ಓದುಗರು

ಉತ್ತರ: ದ್ರೋಹ ಅಂತ ಯಾಕೆ ಅನ್ನುತ್ತೀರಿ? ಲೆಕ್ಕ ಹಾಕಿ ನೋಡಿ. ಹತ್ತು ಎಕರೆ ಇರುವವರ ಎರಡು ಎಕರೆ ಹೋದರೆ ಉಳಿದ ಎಂಟಕ್ಕೆ ರಸ್ತೆ ಬದಿಯ ಬೆಲೆ ಬರುತ್ತದೆ. ನಿಮ್ಮ ಒಂದು ಎಕರೆಯ ನಡುವೆ ರಸ್ತೆ ಹೋದರೆ ಆ ಕಡೆ ಐದು ಗುಂಟೆ, ಈ ಕಡೆ ಮೂಲೆಯಲ್ಲಿ ಎಂಟು ಗುಂಟೆ ಉಳಿಯುತ್ತದೆ, ಅದರಲ್ಲಿ ಟ್ರ್ಯಾಕ್ಟರ್ ತಿರುಗಿಸುವುದಕ್ಕೂ ಆಗುವುದಿಲ್ಲ. ಇಬ್ಬರ ನಷ್ಟವೂ ಒಂದೇ ಅಲ್ಲ, ಹಾಗಾಗಿ ಇಬ್ಬರ ಬೇಡಿಕೆಯೂ ಒಂದೇ ಆಗಿರಲಾರದು. ಇದನ್ನು ಮೊದಲೇ ಒಪ್ಪಿಕೊಂಡರೆ ಸಮಿತಿ ಉಳಿಯುತ್ತದೆ.

"ರಸ್ತೆ ಬೇಡ" ಅನ್ನುವ ಬ್ಯಾನರಿನ ಹಿಂದೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಜಗಳ ಇರುತ್ತವೆ. ರಸ್ತೆಯೇ ಬೇಡ ಅನ್ನುವವರು ಒಂದು ಕಡೆ. ಇದು ಸರ್ಕಾರದ ತೀರ್ಮಾನದ ವಿರುದ್ಧದ ಜಗಳ. ಮಂತ್ರಿ, ಶಾಸಕ, ಸಂಸದ, ಪರಿಸರ ಅನುಮತಿ ಕೊಡುವವರು, ಕೊನೆಗೆ ಹೈಕೋರ್ಟ್, ಇಲ್ಲೆಲ್ಲ ಓಡಾಡಬೇಕು. ರಸ್ತೆ ಆಗಲಿ, ಆದರೆ ಇಲ್ಲಿ ಬೇಡ ಅನ್ನುವವರು ಇನ್ನೊಂದು ಕಡೆ. ಇದು ಮಾರ್ಗದ ಜಗಳ. ಇದಕ್ಕೆ ಬೇರೆ ಗೆರೆ ಎಲ್ಲಿ ಎಳೆಯಬಹುದು ಅಂತ ನೀವೇ ತೋರಿಸಬೇಕು, ಅದೂ ಬೇಗ, ವಿವರವಾದ ಯೋಜನಾ ವರದಿ ತಯಾರಾಗುವ ಹೊತ್ತಿಗೇ. ಇನ್ನು ಈ ದರಕ್ಕೆ ಬೇಡ ಅನ್ನುವವರದು ಪರಿಹಾರದ ಜಗಳ. ಅದಕ್ಕೆ ಭೂಸ್ವಾಧೀನಾಧಿಕಾರಿ, ಆಮೇಲೆ ಮಧ್ಯಸ್ಥಗಾರ ಇದ್ದಾರೆ. ಅದರ ಹೊತ್ತು ಬರುವುದೇ ಕೊನೆಗೆ.

ಹಣ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮೂರನ್ನೂ ಒಂದೇ ಮನವಿ ಪತ್ರದಲ್ಲಿ ತುರುಕಿದರೆ ಮಾತ್ರ ತೊಂದರೆ. ಮೊದಲ ಪ್ಯಾರಾದಲ್ಲಿ "ಪ್ರಾಣ ಕೊಟ್ಟೇವು, ಭೂಮಿ ಕೊಡೆವು", ಕೊನೆಯ ಪ್ಯಾರಾದಲ್ಲಿ "ಎಕರೆಗೆ ಇಷ್ಟು ಕೊಡಿ". ಕಚೇರಿಯಲ್ಲಿ ಕೂತವರು ಓದುವುದು ಕೊನೆಯ ಪ್ಯಾರಾ. "ದರ ಹೆಚ್ಚಿಸಿದಲ್ಲಿ ಒಪ್ಪಿಗೆ ಇರುತ್ತದೆ" ಅಂತ ಕಡತದಲ್ಲಿ ಟಿಪ್ಪಣಿ ಬಿದ್ದರೆ ಜಮೀನೇ ಬೇಕು ಅಂದ ನಿಮ್ಮ ಮಾತು ಅಲ್ಲಿಗೇ ಮುಗಿಯಿತು. ಸಮಿತಿ ಒಂದೇ ಇರಲಿ, ಅರ್ಜಿಗಳು ಮಾತ್ರ ಬೇರೆ ಬೇರೆ ಇರಲಿ.

ನಿಮ್ಮಂಥ ಸಣ್ಣ ಹಿಡುವಳಿಯವರಿಗೆ ಇನ್ನೊಂದು ಮಾತು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಜಿ ಕಲಮಿನಲ್ಲಿ ಜಮೀನಿನ ಬೆಲೆಯ ಜೊತೆಗೆ, ಹೊಲ ತುಂಡಾಗಿದ್ದರಿಂದ ಆಗುವ ನಷ್ಟವನ್ನೂ ಲೆಕ್ಕಕ್ಕೆ ತಗೋಬೇಕು ಅಂತ ಇದೆ. ಬಹಳ ಜನ ಇದನ್ನು ಕೇಳುವುದೇ ಇಲ್ಲ. ಉಳಿಯುವ ತುಂಡಿನ ನಕ್ಷೆ ಬರೆಸಿ, ಬಾವಿ ಯಾವ ಕಡೆ ಉಳಿಯಿತು, ಪೈಪ್‌ಲೈನ್ ಎಲ್ಲಿ ಕತ್ತರಿಸಿತು ಅಂತ ಗುರುತು ಮಾಡಿ ಕೇಳಿ.

ಪ್ರಶ್ನೆ: ಡ್ರೋನ್ ಹಾರಿಸಿದರು, ಆಮೇಲೆ ಕಲ್ಲು ನೆಟ್ಟರು. ನಮಗೆ ಯಾರೂ ಏನೂ ಹೇಳಲಿಲ್ಲ. ತೋಟದಲ್ಲಿ ನಲವತ್ತು ವರ್ಷದ ತೆಂಗಿನ ಮರಗಳಿವೆ. ಗ್ರಾಮ ಪಂಚಾಯಿತಿಯಲ್ಲಿ ಎಲ್ಲರೂ ಸೇರಿ ರಸ್ತೆಗೆ ವಿರೋಧ ಅಂತ ಠರಾವು ಮಾಡಿದ್ದೇವೆ. ಈಗ ಪೇಪರ್‌ನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪ್ರಕಟಣೆ ಬಂದಿದೆ, ಅದರಲ್ಲಿ ನಮ್ಮ ಸರ್ವೆ ನಂಬರ್ ಇದೆ. ಠರಾವು ಸಾಕಾಗುತ್ತದಾ?
— ತುಮಕೂರು ಜಿಲ್ಲೆಯ ತೆಂಗು ಬೆಳೆಗಾರರು

ಉತ್ತರ: ಸಾಕಾಗುವುದಿಲ್ಲ. ಠರಾವು ಇರಲಿ, ಒಳ್ಳೆಯದೇ. ಆದರೆ ಈ ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಆ ಪ್ರಕಟಣೆ ಎತ್ತಿಕೊಳ್ಳಿ.

ಅದರ ಮೇಲೆ ಯಾವ ಕಾಯ್ದೆ, ಯಾವ ಕಲಂ ಅಂತ ಬರೆದಿರುತ್ತದೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956, ಕಲಂ 3ಎ (ಜಮೀನು ತಗೊಳ್ಳುವ ಉದ್ದೇಶ ತಿಳಿಸುವ ಮೊದಲ ಪ್ರಕಟಣೆ) ಅಂತ ಇದ್ದರೆ ಆಕ್ಷೇಪಣೆ ಕೊಡಲು ನಿಮಗೆ ಇರುವುದು 21 ದಿನ. 2013ರ ಭೂಸ್ವಾಧೀನ ಕಾಯ್ದೆಯ ಕಲಂ 11 ಅಂತ ಇದ್ದರೆ 60 ದಿನ. ವ್ಯತ್ಯಾಸ ಸಣ್ಣದಲ್ಲ. ಹೆದ್ದಾರಿ ಕಾಯ್ದೆಯ 21 ದಿನವನ್ನು ಗೆಜೆಟ್‌ನಲ್ಲಿ ಬಂದ ದಿನದಿಂದ ಎಣಿಸಿಕೊಳ್ಳಿ, ಪೇಪರ್‌ನಲ್ಲಿ ಬಂದ ದಿನದಿಂದ ಅಲ್ಲ. ಗೆಜೆಟ್ ಮೊದಲು, ಪೇಪರ್ ಆಮೇಲೆ. ಎರಡರ ನಡುವೆ ಎಷ್ಟೋ ದಿನ ಸುಮ್ನೆ ಕಳೆದುಹೋಗಿರುತ್ತದೆ. ಗೆಜೆಟ್ ದಿನಾಂಕ ಆ ಪ್ರಕಟಣೆಯಲ್ಲೇ ಇರುತ್ತದೆ, ಕೇಂದ್ರದ ಇ-ಗೆಜೆಟ್ ಜಾಲತಾಣದಲ್ಲೂ ಸಿಗುತ್ತದೆ.

ಆಕ್ಷೇಪಣೆ ಕೊಡಬೇಕಾದದ್ದು ತಹಶೀಲ್ದಾರರಿಗೂ ಅಲ್ಲ, ಶಾಸಕರಿಗೂ ಅಲ್ಲ. ಪ್ರಕಟಣೆಯಲ್ಲಿ "ಸಕ್ಷಮ ಪ್ರಾಧಿಕಾರ" ಅಂತ ಒಬ್ಬ ಅಧಿಕಾರಿಯ ಹುದ್ದೆ, ವಿಳಾಸ ಇರುತ್ತದೆ, ಸಾಮಾನ್ಯವಾಗಿ ವಿಶೇಷ ಭೂಸ್ವಾಧೀನಾಧಿಕಾರಿ. ಅವರಿಗೇ, ಬರಹದಲ್ಲೇ ಕೊಡಬೇಕು. ಕೈಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಇಟ್ಟು ಬರಬೇಡಿ. ಸೀಲು ಹಾಕದಿದ್ದರೆ ಅವತ್ತೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನೂರು ಜನ ಸಹಿ ಹಾಕಿದ ಒಂದು ಮನವಿಗಿಂತ ನೂರು ಜನ ತಮ್ಮ ತಮ್ಮ ಸರ್ವೆ ನಂಬರ್ ಬರೆದು ಕೊಟ್ಟ ನೂರು ಆಕ್ಷೇಪಣೆ ಮೇಲು. ಕಾರಣ ಸರಳ. ಆಕ್ಷೇಪಣೆ ಕೊಟ್ಟವರಿಗೆ, ಖುದ್ದಾಗಿಯೋ ವಕೀಲರ ಮೂಲಕವೋ ಮಾತಾಡಲು, 3ಸಿ ಪ್ರಕಾರ ಅವಕಾಶ ಕೊಡಲೇಬೇಕು. ನೂರು ಅರ್ಜಿ ಇದ್ದರೆ ನೂರಕ್ಕೂ ಉತ್ತರ ಬರೆಯಬೇಕಾಗುತ್ತದೆ.

ಏನು ಬರೆಯಬೇಕು? ಇಲ್ಲೇ ಜಾಸ್ತಿ ಜನ ಎಡವುವುದು. "ಫಲವತ್ತಾದ ಭೂಮಿ, ತಲೆತಲಾಂತರದಿಂದ ಬಂದದ್ದು, ಬೇರೆ ಜೀವನಾಧಾರ ಇಲ್ಲ" ಅಂತ ಬರೆದು ಕೊಡುತ್ತಾರೆ. ಅದೆಲ್ಲ ನಿಜವೇ, ಆದರೆ ಎಲ್ಲರೂ ಅದನ್ನೇ ಬರೆಯುವುದರಿಂದ ಒಂದೇ ಸಾಲಿನಲ್ಲಿ ತಳ್ಳಿಹಾಕಿಬಿಡುತ್ತಾರೆ. ಹೀಗೆ ಬರೆದು ನೋಡಿ. ಸರ್ವೆ ನಂಬರ್ ಇಷ್ಟು, ಹಿಸ್ಸಾ ಇಷ್ಟು. ಇದರಲ್ಲಿ ಕೊಳವೆಬಾವಿ ಎರಡು, ಇಷ್ಟು ಫಸಲಿನ ತೆಂಗು, ಪ್ರಕಟಣೆಯಲ್ಲಿ ಮಾತ್ರ ಖುಷ್ಕಿ ಅಂತ ತೋರಿಸಲಾಗಿದೆ. ಈ ಸರ್ವೆ ನಂಬರಿನ ಉತ್ತರಕ್ಕೆ ಹಳ್ಳವಿದೆ, ಮಳೆಗಾಲದಲ್ಲಿ ನೀರು ಹೀಗೆ ಹರಿದು ಇಂಥ ಕೆರೆಗೆ ಸೇರುತ್ತದೆ, ರಸ್ತೆ ಏರಿ ಅದನ್ನು ತಡೆಯುತ್ತದೆ. ಇಷ್ಟು ಮೀಟರ್ ಪಶ್ಚಿಮಕ್ಕೆ ಸರಿದರೆ ಇಂಥಿಂಥ ಸರ್ವೆ ನಂಬರಿನ ಸರ್ಕಾರಿ ಖರಾಬು ಸಿಗುತ್ತದೆ, ಅಲ್ಲಿ ಮನೆ ಇಲ್ಲ, ಬಾವಿ ಇಲ್ಲ. ಹೀಗೆ ಬರೆದ ಅರ್ಜಿಯನ್ನು "ಪರಿಶೀಲಿಸಿ ತಿರಸ್ಕರಿಸಲಾಗಿದೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿದರೆ, ನಾಳೆ ನ್ಯಾಯಾಲಯದಲ್ಲಿ ಆ ಸಾಲು ಅವರಿಗೇ ಕಷ್ಟ ಕೊಡುತ್ತದೆ.

ಸರ್ವೆ ನಂಬರ್ ಗುರುತು ಹಿಡಿಯಲು ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಇದೆ, ನಿಂತ ಜಾಗದ ನಂಬರ್ ತೋರಿಸುತ್ತದೆ. ಒಂದಷ್ಟು ಆಚೀಚೆ ಆಗಬಹುದು, ಅದನ್ನೇ ಅಳತೆ ಅಂತ ನಂಬಬೇಡಿ. ಜೊತೆಗೆ ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಪಹಣಿ ತೆಗೆಸಿ. ಪರಿಗಣಿಸಿದ ಬೇರೆ ಮಾರ್ಗಗಳು ಯಾವುವು, ಇದನ್ನೇ ಯಾಕೆ ಆರಿಸಿದರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಯೋಜನಾ ವರದಿ ಮಾಡುವ ಸಲಹಾ ಸಂಸ್ಥೆ ಒಂದಕ್ಕಿಂತ ಹೆಚ್ಚು ಮಾರ್ಗ ಹೋಲಿಸಿ ನೋಡಿರುತ್ತದೆ, ಆ ಹೋಲಿಕೆಯ ಪಟ್ಟಿ ನಿಮಗೆ ಬೇಕು. ಅದರಲ್ಲಿ ನಿಮ್ಮ ತೋಟವನ್ನು ಖಾಲಿ ಜಮೀನು ಅಂತ ಎಣಿಸಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ. ಆದರೆ ಮಾಹಿತಿ ಹಕ್ಕಿನ ಉತ್ತರಕ್ಕೇ 30 ದಿನ, ನಿಮ್ಮ ಗಡುವು 21 ದಿನ. ಅದಕ್ಕೆ ಕಾಯುತ್ತಾ ಕೂರಬೇಡಿ. ಇರುವಷ್ಟರಲ್ಲಿ ಆಕ್ಷೇಪಣೆ ಕೊಟ್ಟು, "ದಾಖಲೆ ಸಿಕ್ಕಿದ ಮೇಲೆ ಹೆಚ್ಚಿನ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಿ" ಅಂತ ಕೊನೆಗೆ ಸೇರಿಸಿ.

ಇದಾದ ಮೇಲೆ 3ಡಿ, ಅಂದರೆ ಸ್ವಾಧೀನದ ಘೋಷಣೆ ಬರುತ್ತದೆ. ಅದು ಬಂತು ಅಂದರೆ ಜಮೀನು ಕೇಂದ್ರ ಸರ್ಕಾರದ್ದು, ಮಾತು ಪರಿಹಾರಕ್ಕೆ ಇಳಿದಂತೆ. ಆದರೆ 3ಎ ಆಗಿ ಒಂದು ವರ್ಷದೊಳಗೆ 3ಡಿ ಹೊರಡದಿದ್ದರೆ 3ಎ ತಾನಾಗಿ ಬಿದ್ದುಹೋಗುತ್ತದೆ. ಕೋರ್ಟ್ ತಡೆ ಇದ್ದ ಅವಧಿಯನ್ನು ಈ ವರ್ಷದಲ್ಲಿ ಎಣಿಸುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿಕೊಳ್ಳಿ.

ಇನ್ನೊಂದು. ಈ ನಡುವೆ ಪಹಣಿ ತೆಗೆಸಿ ನೋಡುತ್ತಿರಿ. ಚೆನ್ನೈ–ಸೇಲಂ ಎಂಟು ಪಥದ ರಸ್ತೆ ಪ್ರಕರಣದಲ್ಲಿ 3ಎ ಹಂತದಲ್ಲೇ ಕಂದಾಯ ದಾಖಲೆಯಲ್ಲಿ ಹೆಸರು ಬದಲಾಯಿಸಿಬಿಟ್ಟಿದ್ದರು. ಅದು ತಪ್ಪು, ರೈತರ ಹೆಸರು ವಾಪಸ್ ಸೇರಿಸಿ ಅಂದ ಹೈಕೋರ್ಟ್ ಮಾತನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ನಿಮ್ಮಲ್ಲೂ ಹಾಗೇನಾದರೂ ಆದರೆ ಕೂಡಲೇ ಬರಹದಲ್ಲಿ ತಕರಾರು ಹಾಕಿ.

ಪ್ರಶ್ನೆ: ಅಂಕಲ್, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ನಾಲ್ಕು ಜನರ ಜಮೀನಿಗೋಸ್ಕರ ಲಕ್ಷ ಜನ ಓಡಾಡುವ ರಸ್ತೆ ನಿಲ್ಲಿಸುವುದು ತಪ್ಪು ಅಂತ ನಮ್ಮ ಮಾವ ವಾದ ಮಾಡುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಉತ್ತರ ಕೊಡಲೂ ಗೊತ್ತಾಗುತ್ತಿಲ್ಲ. ಹೀಗೆ ವಿರೋಧ ಮಾಡಿ ಎಲ್ಲಾದರೂ ಒಳ್ಳೆಯದಾಗಿದೆಯಾ?
— ಹುಬ್ಬಳ್ಳಿಯ ವಿದ್ಯಾರ್ಥಿನಿ

ಉತ್ತರ: ನಿಮ್ಮ ಮಾವನ ಮಾತಿನಲ್ಲಿ ಅರ್ಧ ಸತ್ಯ ಇದೆಯಮ್ಮ. ರಸ್ತೆ ಅಂದ ಮೇಲೆ ಯಾರದೋ ಜಮೀನಿನ ಮೇಲೆ ಹೋಗಲೇಬೇಕು, ಆಕಾಶದಲ್ಲಿ ಹೋಗುವುದಿಲ್ಲ. ಆದರೆ ವಿರೋಧ ಅಂದರೆ ನಿಲ್ಲಿಸುವುದು ಮಾತ್ರ ಅಂತ ಅವರು ಅಂದುಕೊಂಡಿದ್ದಾರೆ.

ಬಂಡೀಪುರವನ್ನೇ ತಗೊಳ್ಳಿ. ಕಾಡಿನ ನಡುವಿನ ಹೆದ್ದಾರಿಯಲ್ಲಿ (ಆಗ 212, ಈಗ 766) 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಂದ್. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳದ ಕಡೆಯಿಂದ ಇವತ್ತಿಗೂ ಒತ್ತಡ ಇದೆ, ಆದರೂ ಅದು ಉಳಿದುಕೊಂಡಿದೆ. ಉಳಿದುಕೊಳ್ಳಲು ಒಂದು ಕಾರಣ, "ಬೇಡ" ಅಂದವರ ಕೈಯಲ್ಲಿ ಬದಲಿ ದಾರಿ ಇತ್ತು. ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲೆ ಮಾನಂತವಾಡಿಗೆ ಹೋಗಬಹುದು. ಸುತ್ತು, ನಿಜ. ಆದರೆ ದಾರಿ ಇದೆ. ಹಗಲು ರಸ್ತೆ ತೆರೆದೇ ಇದೆ.

ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ನೆನಪಿದೆಯಾ? ನೀವಾಗ ಸಣ್ಣವರಿದ್ದಿರಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ., 1,791 ಕೋಟಿ ರೂಪಾಯಿ, 812 ಮರ. 2016ರ ಅಕ್ಟೋಬರ್‌ನಲ್ಲಿ ಜನ ರಸ್ತೆ ಬದಿ ಮಾನವ ಸರಪಳಿ ಮಾಡಿ ನಿಂತರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಅಲ್ಲಿ ಯಾರ ಹೊಲವೂ ಹೋಗುತ್ತಿರಲಿಲ್ಲ. ನಗರದವರು ನಿಂತರೆ ನಾಗರಿಕ ಪ್ರಜ್ಞೆ, ಹಳ್ಳಿಯವರು ನಿಂತರೆ ಅಭಿವೃದ್ಧಿ ವಿರೋಧಿ. ಇದನ್ನು ನಿಮ್ಮ ಮಾವನಿಗೆ ಕೇಳಿ ನೋಡಿ, ಏನು ಹೇಳುತ್ತಾರೆ.

ಸೋತದ್ದನ್ನೂ ಹೇಳಬೇಕು. ಚೆನ್ನೈ–ಸೇಲಂ ರಸ್ತೆ 277 ಕಿ.ಮೀ., ಐದು ಜಿಲ್ಲೆಯ ಹೊಲ ತೋಟಗಳ ಮೇಲೆ ಹೋಗಬೇಕಿತ್ತು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಭೂಸ್ವಾಧೀನ ರದ್ದು ಮಾಡಿದಾಗ ರೈತರು ಗೆದ್ದೆವು ಅಂದುಕೊಂಡರು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುಮಟ್ಟಿಗೆ ತಿರುಗಿಸಿತು. 3ಎ ಹೊರಡಿಸುವ ಮೊದಲೇ ಪರಿಸರ ಅನುಮತಿ ಬೇಕಿಲ್ಲ, ಕೆಲಸ ಶುರು ಮಾಡುವ ಮೊದಲು ಬೇಕು ಅಂದಿತು. ಅಂದರೆ ಪರಿಸರದ ವಾದ ಇಟ್ಟುಕೊಂಡು ಭೂಸ್ವಾಧೀನದ ಮೊದಲ ಹೆಜ್ಜೆಯನ್ನು ತಡೆಯುತ್ತೇವೆ ಅನ್ನುವುದು ಈಗ ಕಷ್ಟ. ಆದರೂ ನ್ಯಾಯಾಲಯದಲ್ಲಿ ಕಳೆದ ಆ ಸಮಯದಲ್ಲಿ ರಸ್ತೆ ಕೆಲಸ ಶುರುವಾಗಿರಲಿಲ್ಲ, ಅದನ್ನೂ ಮರೆಯಬೇಡಿ.

ನೀವು ಇಂಜಿನಿಯರಿಂಗ್ ಓದುತ್ತಿರುವುದರಿಂದ ಒಂದು ಸಲಹೆ. ಹೊಸ ರಾಷ್ಟ್ರೀಯ ಹೆದ್ದಾರಿಗೆ ಪರಿಸರ ಅನುಮತಿ ಬೇಕಾದರೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು, ಸಭೆಯ ವಿಡಿಯೊ ಚಿತ್ರೀಕರಣ ಆಗುತ್ತದೆ. ಒಂದು ಸಲ ಹೋಗಿ ಕೂತು ನೋಡಿ. ವರದಿಯಲ್ಲಿ ಬರೆದ ಮರಗಳ ಲೆಕ್ಕಕ್ಕೂ ಹೊಲದಲ್ಲಿ ನಿಂತ ಮರಗಳ ಲೆಕ್ಕಕ್ಕೂ ಎಷ್ಟು ದೂರ ಅಂತ ತಿಳಿಯುತ್ತದೆ. ಮುಂದಿನ ಪತ್ರಕ್ಕೂ ಈ ಮಾತಿಗೂ ಸಂಬಂಧ ಇದೆ.

ಪ್ರಶ್ನೆ: ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ ನಮ್ಮ ಎರಡು ಎಕರೆ ಹೋಗಿದೆ ಅಂತ ನಮ್ಮ ತಂದೆ ಇದ್ದಾಗಲೇ ನೋಟಿಸ್ ಬಂತು. ತಂದೆ ತೀರಿಕೊಂಡರು. ರಸ್ತೆ ಬಂದಿಲ್ಲ, ದುಡ್ಡೂ ಬಂದಿಲ್ಲ. ಮಾರಲು ಹೋದರೆ ಯಾರೂ ಕೊಳ್ಳುವುದಿಲ್ಲ, ಮನೆ ಕಟ್ಟಲು ಬ್ಯಾಂಕ್ ಸಾಲ ಕೊಡುವುದಿಲ್ಲ. ಮಗಳ ಮದುವೆಗೆ ಆ ಜಮೀನು ಒಂದು ಪೈಸೆಯ ಉಪಯೋಗಕ್ಕೆ ಬರಲಿಲ್ಲ. ರಸ್ತೆಗೆ ವಿರೋಧ ಅಂತ ಅಲ್ಲ ಸಾರ್, ಒಂದು ತೀರ್ಮಾನ ಮಾಡಿ ಮುಗಿಸಲಿ ಅಂತ.
— ಬೆಂಗಳೂರು ಹೊರವಲಯದ ಓದುಗರು

ಉತ್ತರ: ನಿಮ್ಮ ಪತ್ರ ಓದಿ ಸಿಟ್ಟು ಬಂತು. ರಸ್ತೆ ಬಂದು ಜಮೀನು ಹೋದವರ ಕಷ್ಟ ಎಲ್ಲರಿಗೂ ಕಾಣುತ್ತದೆ. ರಸ್ತೆ ಬಾರದೆ ಜಮೀನು ಹೋದವರದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿನ್ನೆಲೆ ಗೊತ್ತಿಲ್ಲದ ಓದುಗರಿಗೆ: ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೆ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆಯವರೆಗೆ ಬೆಂಗಳೂರಿಗೆ ಹೊರ ಸುತ್ತು ಹಾಕುವ ರಸ್ತೆ ಇದು, ಈಗಿನ ಲೆಕ್ಕದಲ್ಲಿ ಸುಮಾರು 73 ಕಿ.ಮೀ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 2005ರಲ್ಲಿ ಮೊದಲ ಅಧಿಸೂಚನೆ ಹೊರಡಿಸಿತು, 2007ರಲ್ಲಿ ಅಂತಿಮ ಅಧಿಸೂಚನೆ. ಆಮೇಲೆ ಹಣ ಇಲ್ಲ, ಟೆಂಡರ್‌ಗೆ ಬರುವವರಿಲ್ಲ. ಮರಗಳ ಲೆಕ್ಕವೂ ಕೈಕೊಟ್ಟಿತು. ಮೊದಲ ವರದಿಯಲ್ಲಿ ನೂರರ ಲೆಕ್ಕದಲ್ಲಿದ್ದ ಮರಗಳು 2020ರ ಹೊತ್ತಿಗೆ 33,838 ಆದವು. ಪರಿಸರ ವರದಿ ಹೊಸದಾಗಿ ಮಾಡಿ ಅಂತ ಸುಪ್ರೀಂ ಕೋರ್ಟೇ 2020ರ ಮಾರ್ಚ್‌ನಲ್ಲಿ ಹೇಳಬೇಕಾಯಿತು. ಯೋಜನೆಗೆ ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಹೆಸರು. ಹೆಸರು ಬದಲಾಯಿಸುವ ಕೆಲಸ ಮಾತ್ರ ತಡವಾಗಲಿಲ್ಲ, ನೋಡಿ.

ನಿಮಗೆ ನೇರ ಉತ್ತರ. 2013ರ ಕಾಯ್ದೆಯ ಪ್ರಕಾರ ಪರಿಹಾರ ಕೊಡಿ ಅಂತ ರೈತರು ವರ್ಷಗಟ್ಟಲೆ ಕೇಳಿದರು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಬಿಡಿಎ ಕಾಯ್ದೆಯಡಿ ಆಗುವ ಸ್ವಾಧೀನಕ್ಕೆ ಪರಿಹಾರ 1894ರ ಹಳೆ ಕಾಯ್ದೆಯ ಪ್ರಕಾರವೇ ಅಂತ ಹೇಳಿತು. ಹಾಗಾಗಿ ಆ ಬಾಗಿಲು ಬಹುತೇಕ ಮುಚ್ಚಿದೆ. ಯಾರಾದರೂ ನಿಮ್ಮ ಹತ್ತಿರ ಬಂದು "2013ರ ದರ ಕೊಡಿಸುತ್ತೇನೆ, ಇಷ್ಟು ಖರ್ಚಾಗುತ್ತದೆ" ಅಂದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ. ಇತ್ತೀಚೆಗೆ ಸರ್ಕಾರ ನಗದು ಮಾತ್ರ ಅಲ್ಲ, ಟಿಡಿಆರ್ (ಜಮೀನಿನ ಬದಲಿಗೆ ಕೊಡುವ, ಮಾರಬಹುದಾದ ಕಟ್ಟಡ ಹಕ್ಕಿನ ಪತ್ರ), ಅಭಿವೃದ್ಧಿಪಡಿಸಿದ ಜಾಗ ಇಂಥ ಆಯ್ಕೆಗಳನ್ನೂ ಮುಂದಿಟ್ಟಿದೆ. ಇದರಲ್ಲಿ ಯಾವುದು ಒಳ್ಳೆಯದು ಅಂತ ನಿಮ್ಮ ಜಮೀನು ನೋಡದೆ ಹೇಳಲಾರೆ. ಮಗಳ ಮದುವೆ, ಸಾಲ ಅಂತ ಈಗಲೇ ದುಡ್ಡು ಬೇಕಾದವರಿಗೆ ಟಿಡಿಆರ್ ಪತ್ರ ಕೈಗೆ ಬಂದರೆ ಅದನ್ನು ಕೊಳ್ಳುವವರನ್ನೂ ನೀವೇ ಹುಡುಕಬೇಕು, ಅಷ್ಟು ನೆನಪಿರಲಿ.

ಏನೇ ಆರಿಸಿಕೊಳ್ಳಿ, ಮೊದಲು ಪೌತಿ ಖಾತೆ ಮಾಡಿಸಿ. ಪಹಣಿಯಲ್ಲಿ ಇನ್ನೂ ತಂದೆಯ ಹೆಸರು ಇದ್ದರೆ ಪರಿಹಾರದ ದಿನ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಬಾಗಿಲಲ್ಲಿ ನಿಲ್ಲುತ್ತಾರೆ, ಹಣ ಹೋಗಿ ನ್ಯಾಯಾಲಯದಲ್ಲಿ ಕೂರುತ್ತದೆ. ಅಕ್ಕತಂಗಿಯರ ಪಾಲನ್ನು ಈಗಲೇ ಕೂತು ಮಾತಾಡಿ. ಅವರಿಗೂ ಹಕ್ಕಿದೆ, ಸುಮ್ನೆ ಸಹಿ ಹಾಕಿಸಿಕೊಳ್ಳೋಣ ಅಂತ ಹೋಗಬೇಡಿ.

ಪ್ರಶ್ನೆ: ಹಳೆ ಹೆದ್ದಾರಿಯ ಬದಿಯಲ್ಲಿ ನಮ್ಮದು ಸಣ್ಣ ಹೋಟೆಲು. ಈಗ ಊರಿಗೆ ಬೈಪಾಸ್ ಬರುತ್ತದೆ. ನಮ್ಮ ಜಮೀನು ಒಂದು ಗುಂಟೆಯೂ ಹೋಗುವುದಿಲ್ಲ, ಗಿರಾಕಿ ಮಾತ್ರ ಹೋಗುತ್ತಾರೆ. ನಾವೂ ಆಕ್ಷೇಪಣೆ ಹಾಕಬಹುದಾ?
— ಹಾಸನ ಜಿಲ್ಲೆಯ ಓದುಗರು

ಉತ್ತರ: ಹಾಕಲು ಯಾರೂ ತಡೆಯುವುದಿಲ್ಲ, ಆದರೆ 3ಸಿ ಇರುವುದು ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರಿಗೆ. ವ್ಯಾಪಾರ ಕಡಿಮೆಯಾಯಿತು ಅಂತ ಪರಿಹಾರ ಕೊಡುವ ಕಲಂ ಇಲ್ಲ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಆಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲೆ ಚನ್ನಪಟ್ಟಣದ ಬೊಂಬೆ ಅಂಗಡಿಯವರು, ಮದ್ದೂರಿನಲ್ಲಿ ವಡೆ ಮಾರುವವರು ಎಷ್ಟು ಗೋಳಾಡಿದರು ಅಂತ ನೀವೂ ಓದಿರುತ್ತೀರಿ. ಅಂಗಡಿಯವರ ಕೂಗಿಗೆ ಬೈಪಾಸ್ ನಿಂತದ್ದನ್ನು ನಾನಂತೂ ನೋಡಿಲ್ಲ.

ಆದರೆ ಬೈಪಾಸ್‌ನಿಂದ ಊರಿಗೆ ಇಳಿಯುವ ದಾರಿ ಎಲ್ಲಿ ಕೊಡುತ್ತಾರೆ ಅನ್ನುವುದು ಇನ್ನೂ ತೀರ್ಮಾನ ಆಗಿರದಿದ್ದರೆ ಅದರ ಬೆನ್ನು ಹತ್ತಿ. ಇಳಿಯುವ ಜಾಗ ನಿಮ್ಮ ಊರಿನ ಎರಡೂ ತುದಿಗೆ ಇದ್ದರೆ ಒಂದು ಲೆಕ್ಕ, ಆರು ಕಿಲೋಮೀಟರ್ ಆಚೆ ಒಂದೇ ಕಡೆ ಇದ್ದರೆ ಇನ್ನೊಂದು ಲೆಕ್ಕ. ಊರಿನ ಹೆಸರಿನ ದೊಡ್ಡ ಫಲಕ ಬೇಕು ಅಂತಲೂ ಕೇಳಿ. ಇಷ್ಟನ್ನು ವರ್ತಕರ ಸಂಘದ ಹೆಸರಿನಲ್ಲಿ, ಸಂಸದರ ಮೂಲಕ ಕೇಳಿದರೆ ಸಿಗುವ ಸಾಧ್ಯತೆ ಇದೆ.

ಪ್ರಶ್ನೆ: ನಾವು ಕಾಸರಗೋಡಿನ ಕನ್ನಡಿಗರು. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗುತ್ತಿದೆ. ರಸ್ತೆ ಬೇಡ ಅಂತ ನಾವು ಯಾವತ್ತೂ ಹೇಳಲಿಲ್ಲ. ಆದರೆ ಕೆಲವು ಕಡೆ ಊರಿನ ನಡುವೆ ಗೋಡೆಯಂತೆ ಎದ್ದಿದೆ. ಎದುರಿಗೆ ಕಾಣುವ ಶಾಲೆಗೆ ಮಕ್ಕಳು ಸುತ್ತಿ ಹೋಗಬೇಕು. ಅಂಡರ್‌ಪಾಸ್ ಕೇಳಿದರೆ ಈಗ ತಡವಾಯಿತು ಅನ್ನುತ್ತಾರೆ. ನಿಜವಾಗಿ ತಡವಾಯಿತಾ?
— ಕಾಸರಗೋಡು ಜಿಲ್ಲೆಯ ಓದುಗರು

ಉತ್ತರ: ನಕ್ಷೆಯ ಪ್ರಕಾರ ತಡ, ಹೌದು. ಕೇರಳದಲ್ಲಿ ಈ ಹೆದ್ದಾರಿಗೆ 45 ಮೀಟರ್ ಅಗಲದ ಜಾಗವಷ್ಟೇ, ಹಾಗಾಗಿ ಏನಾದರೂ ಬದಲಿಸಲು ಪಕ್ಕದಲ್ಲಿ ಜಾಗವೂ ಕಡಿಮೆ. ಆದರೆ ಕೆಲಸ ಆದ ಮೇಲೂ ಬದಲಾಗುವುದಿಲ್ಲ ಅಂತೇನಿಲ್ಲ.

ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ 2025ರ ಮೇ ತಿಂಗಳಲ್ಲಿ ಆದದ್ದು ನಿಮಗೆ ಗೊತ್ತೇ ಇರುತ್ತದೆ. ಭತ್ತದ ಗದ್ದೆಯ ಮೇಲೆ ಮಣ್ಣು ಏರಿಸಿ ಕಟ್ಟಿದ ಹೆದ್ದಾರಿ ಕುಸಿದು ಬಿತ್ತು. ಇಲ್ಲಿ ಮಣ್ಣು ತುಂಬಬೇಡಿ, ಕಂಬದ ಮೇಲೆ ಸೇತುವೆ ಮಾಡಿ ಅಂತ ಊರವರು ಮೊದಲೇ ಕೇಳಿದ್ದರು. ಕುಸಿದ ಮೇಲೆ ಸೇತುವೆಯೇ ಮಾಡುವ ತೀರ್ಮಾನವಾಯಿತು. ಆ ಗದ್ದೆಯಲ್ಲಿ ಕಾಲಿಟ್ಟರೆ ಎಷ್ಟು ಹೂಳುತ್ತದೆ ಅಂತ ಉಳುವವನಿಗೆ ಗೊತ್ತಿರುತ್ತದೆ, ಅದನ್ನು ಕೇಳಿಸಿಕೊಳ್ಳುವ ಹಂತ ಯೋಜನೆಯಲ್ಲಿ ಇಲ್ಲ, ಅಷ್ಟೇ. ನಿಮ್ಮ ಪಕ್ಕದ ಕಣ್ಣೂರಿನ ಕೀಳಾಟ್ಟೂರಿನಲ್ಲಿ 2017–18ರಲ್ಲಿ ಗದ್ದೆ ಉಳಿಸಿ ಅಂತ "ವಯಲ್‌ಕಿಳಿಗಳು" (ಗದ್ದೆಯ ಹಕ್ಕಿಗಳು) ಅನ್ನುವ ಹೆಸರಿನ ಊರವರ ಗುಂಪು ನಿಂತಿತು, ಅದೂ ಆಗ ಆಳುತ್ತಿದ್ದ ಪಕ್ಷದ ಭದ್ರಕೋಟೆಯಲ್ಲಿ. ಅವರಿಗೆ ಮಾರ್ಗ ಬದಲಿಸಲು ಆಗಲಿಲ್ಲ, ಬೈಪಾಸ್ ಗದ್ದೆಯ ಮೇಲೇ ಹೋಯಿತು.

ದಾಟುವ ದಾರಿ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಡೆಯ ಉದಾಹರಣೆ ರಾಮನಗರದ ಹತ್ತಿರದ್ದು. ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಕೆಲವೇ ದಿನಕ್ಕೆ ಅಲ್ಲಿ ರಸ್ತೆ ಮೇಲೆ ನೀರು ನಿಂತಿತು. ಹಳ್ಳಿಯವರು ತಮ್ಮೂರಿಗೆ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದರು, ಅದಕ್ಕೇ ನೀರು ನಿಂತಿತು ಅಂತ ಹೆದ್ದಾರಿ ಪ್ರಾಧಿಕಾರ ವಿವರಣೆ ಕೊಟ್ಟಿತು. ಸರಿ, ಹಾಗೇ ಇರಲಿ. ಆದರೆ ಹಳ್ಳಿಯವರು ಯಾಕೆ ಮಣ್ಣು ತುಂಬಿದರು? ಊರಿಗೆ ಹೋಗಲು ದಾರಿ ಇದ್ದಿದ್ದರೆ ಯಾರು ಬುಟ್ಟಿ ಹೊರಲು ಹೋಗುತ್ತಿದ್ದರು?

ನೀವು ಮಾಡಬೇಕಾದದ್ದು: ದಿನಕ್ಕೆ ಎಷ್ಟು ಜನ, ಎಷ್ಟು ಮಕ್ಕಳು, ಎಷ್ಟು ಆಟೊ ಆ ಜಾಗದಲ್ಲಿ ದಾಟುತ್ತಿದ್ದರು, ಈಗ ಎಷ್ಟು ಸುತ್ತಬೇಕು ಅಂತ ಒಂದು ವಾರ ಕೂತು ಬರೆದಿಡಿ. ಶಾಲೆಯ ಹಾಜರಿ, ಆಸ್ಪತ್ರೆಗೆ ಆಂಬುಲೆನ್ಸ್ ಬರಲು ಹಿಡಿಯುವ ಸಮಯ, ಎಲ್ಲ ಸೇರಿಸಿ. ವಾಹನ ಹೋಗುವ ಅಂಡರ್‌ಪಾಸ್ ಸಾಧ್ಯವೇ ಇಲ್ಲ ಅಂದರೆ ಕಾಲ್ನಡಿಗೆಯ ಸೇತುವೆಯನ್ನೋ ಸಣ್ಣ ಸುರಂಗವನ್ನೋ ಕೇಳಿ. ಮಕ್ಕಳು ದಾಟುವುದಕ್ಕೆ ಅಷ್ಟಾದರೂ ಆಗುತ್ತದೆ. ಅರ್ಜಿಯನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಕೊಡಿ, ಭಾಷೆ ಗೊತ್ತಾಗಲಿಲ್ಲ ಅನ್ನುವ ನೆಪ ಯಾರಿಗೂ ಬೇಡ.

ಪ್ರಶ್ನೆ: ಪರಿಹಾರದ ದರ ಕಡಿಮೆ ಅನ್ನಿಸಿದರೆ ಹಣ ತಗೋಬಾರದಾ? ತಗೊಂಡರೆ ಒಪ್ಪಿಕೊಂಡಂತೆ ಅಂತ ನಮ್ಮೂರಲ್ಲಿ ಹೇಳುತ್ತಾರೆ.
— ಕಾರ್ಕಳದ ಓದುಗರು

ಉತ್ತರ: ತಗೊಳ್ಳಿ, ಆದರೆ "ಆಕ್ಷೇಪಣೆಯೊಂದಿಗೆ ಪಡೆಯುತ್ತಿದ್ದೇನೆ" ಅಂತ ಬರೆದು ಸಹಿ ಹಾಕಿ, ಅದರ ಪ್ರತಿ ಇಟ್ಟುಕೊಳ್ಳಿ. ಆಮೇಲೆ 3ಜಿ(5) ಪ್ರಕಾರ ಮಧ್ಯಸ್ಥಗಾರರ ಮುಂದೆ ಹೋಗಿ. 2015ರಿಂದ ಹೆದ್ದಾರಿ ಸ್ವಾಧೀನಕ್ಕೂ 2013ರ ಕಾಯ್ದೆಯ ಲೆಕ್ಕವೇ: ಮಾರ್ಗಸೂಚಿ ದರ ಅಥವಾ ಹಿಂದಿನ ಮೂರು ವರ್ಷದ ಹೆಚ್ಚಿನ ಕ್ರಯಪತ್ರಗಳ ಸರಾಸರಿ, ಇದರಲ್ಲಿ ಯಾವುದು ಜಾಸ್ತಿಯೋ ಅದು, ಹಳ್ಳಿಯಾದರೆ ಅದಕ್ಕೆ ಗುಣಕ, ಮರ ಬಾವಿ ಕಟ್ಟಡ ಬೇರೆ, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ. ಅವಾರ್ಡ್ (ಪರಿಹಾರ ನಿಗದಿ ಮಾಡುವ ಆದೇಶ) ಪ್ರತಿ ಕೈಗೆ ಬಂದ ದಿನವೇ ಒಂದೊಂದೇ ಸಾಲು ಟಿಕ್ ಮಾಡುತ್ತಾ ಹೋಗಿ. ಪರಿವರ್ತಿತ ಜಮೀನನ್ನು ಕೃಷಿ ಅಂತ ಹಾಕಿದ್ದಾರಾ ಅನ್ನುವುದನ್ನು ಮೊದಲು ನೋಡಿ, ನಿಮ್ಮ ಕಡೆ ತಕರಾರು ಜಾಸ್ತಿ ಬರುವುದು ಅಲ್ಲೇ.

ಪ್ರಶ್ನೆ: ರಾತ್ರೋರಾತ್ರಿ ಸರ್ವೆ ಕಲ್ಲು ಕಿತ್ತು ಹಾಕೋಣ ಅಂತ ಹುಡುಗರು ಹೊರಟಿದ್ದಾರೆ. ಏನು ಹೇಳಲಿ?
— ವಿಜಯಪುರ ಜಿಲ್ಲೆಯ ಓದುಗರು

ಉತ್ತರ: ಬೇಡ ಅನ್ನಿ. ಅವರ ಹತ್ತಿರ ಪ್ರತಿ ಕಲ್ಲಿನ ಜಿಪಿಎಸ್ ಗುರುತು ಇರುತ್ತದೆ, ನಾಳೆ ಮತ್ತೆ ಅದೇ ಜಾಗದಲ್ಲಿ ನೆಡುತ್ತಾರೆ. ಹುಡುಗರ ಮೇಲೆ ಕೇಸು ಮಾತ್ರ ಉಳಿಯುತ್ತದೆ. 3ಎ ಆದ ಮೇಲೆ ಜಮೀನಿಗೆ ಬಂದು ಅಳೆಯುವ, ಗುರುತು ಹಾಕುವ ಅಧಿಕಾರ 3ಬಿ ಪ್ರಕಾರ ಅವರಿಗಿದೆ. 3ಎ ಇನ್ನೂ ಆಗಿಲ್ಲದಿದ್ದರೆ ಯಾವ ಆದೇಶದ ಮೇಲೆ ಬಂದಿರಿ ಅಂತ ಕೇಳಿ, ಪ್ರತಿ ಇಸಿದುಕೊಳ್ಳಿ.

ಅದೇ ಹುಡುಗರಿಗೆ ಬೇರೆ ಕೆಲಸ ಕೊಡಿ. ಬೆಳಗಾದ ಮೇಲೆ ಮೊಬೈಲ್ ಹಿಡಿದು ಪ್ರತಿ ಕಲ್ಲಿನ ಫೋಟೊ ತೆಗೆಯಲಿ, ದಿನಾಂಕ ಮತ್ತು ಲೊಕೇಶನ್ ಕಾಣುವ ಹಾಗೆ. ಪ್ರತಿ ಕಲ್ಲು ಯಾವ ಸರ್ವೆ ನಂಬರಿನಲ್ಲಿದೆ, ಅದರ ಸುತ್ತ ಯಾವ ಮರ, ಯಾವ ಬಾವಿ, ಯಾವ ಕಾಲುವೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಜಂಟಿ ಅಳತೆಗೆ ಅಧಿಕಾರಿಗಳು ಬಂದ ದಿನ ಆ ನೋಟ್‌ಬುಕ್ ನಿಮ್ಮ ಕೈಯಲ್ಲಿ ಇರಲಿ. ಅಳತೆ ಹಾಳೆಯಲ್ಲಿ ಬಾವಿ, ಮರ ಬಿಟ್ಟುಹೋಗಿದ್ದರೆ ಸೇರಿಸುವ ತನಕ ಸಹಿ ಹಾಕಬೇಡಿ.